ತೊಟ್ಟಿಯ ಕಲ್ಲು, ಅಕ್ಕನ ತೊಗರಿ

ಕಲ್ಲು ಎಷ್ಟು ಶಾಖ ಹಿಡಿದಿಡುತ್ತದೆ, ಎಷ್ಟು ಹೊತ್ತಿಗೆ ಬಿಟ್ಟುಕೊಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಸೇಡಂನ ನಮ್ಮ ಮನೆಯಲ್ಲಿ ಇದು ಯಾರ ತಲೆಗೂ ಹೋಗಿಲ್ಲ. ಸುಲೇಪೇಟದ ಅಕ್ಕ ಮಾತ್ರ ಕೂತು ಕೇಳಿದಳು, ಅದೂ ತನ್ನ ಲಾಭಕ್ಕೆ. ಆಕೆಯದು ಸಣ್ಣ ಬೇಳೆ ಗಿರಣಿ. ಓಣಿಯ ಹೆಂಗಸರ ತೊಗರಿಯನ್ನು ನೆನೆಸಿ, ಒಣಗಿಸಿ, ಒಡೆದು ಕೊಡುತ್ತಾಳೆ. ಚಳಿಗಾಲದಲ್ಲಿ ಬಿಸಿಲು ಇಳಿದರೆ ಒಣಗುವುದು ನಿಂತೇ ಹೋಗುತ್ತದೆ. ಇಬ್ಬನಿಗೆ ಹೆದರಿ ಎಲ್ಲ ಬಳಿದು ಒಳಗೆ ಒಯ್ಯಬೇಕು.

ಒಂದು ತೊಟ್ಟಿ ಕಟ್ಟಿಸಿ ಶಹಾಬಾದ ಕಲ್ಲಿನ ಚೂರು ತುಂಬಿಸು ಎಂದೆ. ಹಗಲು ಚಾವಣಿಯ ತಗಡಿನಡಿ ಕಾದ ಗಾಳಿಯನ್ನು ಫ್ಯಾನು ಅದರೊಳಗೆ ನೂಕುತ್ತದೆ, ರಾತ್ರಿ ಆ ಶಾಖ ಪಕ್ಕದ ಕೋಣೆಯ ತೊಗರಿಗೆ ಸಿಗುತ್ತದೆ. ತೊಟ್ಟಿಯನ್ನು ಪದರ ಪದರವಾಗಿ ಬಿಡಿಸಿ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿದೆ. ಬೆಳಗಿನ ತನಕ ಬೆಚ್ಚಗಿರುತ್ತದೆ ಎಂದು ಲೆಕ್ಕ ಬಂತು. ಅಕ್ಕ ತೊಟ್ಟಿ ಕಟ್ಟಿಸಿದಳು, ಆ ಲೆಕ್ಕವನ್ನೇ ಓಣಿ ತುಂಬ ಹೇಳಿಕೊಂಡು ಬಂದು ಎಲ್ಲರ ತೊಗರಿ ಇಸಿದುಕೊಂಡಳು.

ನೆನೆಸಿದ ತೊಗರಿ ಹರವಿದ ಎರಡನೆಯ ಬೆಳಿಗ್ಗೆ ಕೋಣೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ತೊಗರಿಯೆಲ್ಲ ಮೊಳಕೆ ಒಡೆದಿತ್ತು.

ಎದುರು ಮನೆಯಾಕೆ ತಟ್ಟೆ ನೋಡಿ, "ಒಣಗಸ್ಲಾಕ ಕೊಟ್ರ ಬೆಳಸಿ ಕೊಟ್ಟೀರಲ್ರೀ" ಎಂದಳು. ತೊಗರಿ ಒಯ್ಯಲು ಬಂದ ಹೆಂಗಸರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಅವರಿಗೆಲ್ಲ ತನ್ನ ಮನೆಯ ಬೇಳೆಯನ್ನೇ ಅಳೆದು ಕೊಟ್ಟಳು. ಎದುರು ಮನೆಯಾಕೆ ತಗೊಂಡಳು, ಆದರೆ ಇನ್ನು ಮುಂದೆ ತೊಗರಿ ಚಿಂಚೋಳಿಯ ಗಿರಣಿಗೇ ಒಯ್ಯುತ್ತೇನೆ ಎಂದು ಹೇಳಿಯೇ ಹೋದಳು. ಉಳಿದವರೂ ಆಕೆಯ ಹಿಂದೆಯೇ ಹೋದರು.

ತೊಟ್ಟಿಯ ಮೇಲಿನ ಹಲಗೆ ಎತ್ತಿಸಿದೆ. ತಳದಲ್ಲಿ ನೀರು ನಿಂತಿತ್ತು. ಅಕ್ಕ ಕಲ್ಲು ತೊಳೆದು ತುಂಬಿಸಿದ್ದಳು. ಪಾಲಿಶ್ ಮಾಡುವಲ್ಲಿಂದ ಬಂದ ಚೂರು, ಮೈತುಂಬ ಬಿಳಿ ರಾಡಿ. ನಮ್ಮ ಕಡೆ ನೆಲಕ್ಕೆ ಹಾಸಿದ ಹೊಸ ಪರಸಿ ಕಲ್ಲನ್ನು ನಾಲ್ಕು ಸಲ ತೊಳೆಯದೆ ಯಾರೂ ಅದರ ಮೇಲೆ ಕಾಲಿಡುವುದಿಲ್ಲ. ನನ್ನ ಮಾಡೆಲಿನಲ್ಲಿದ್ದದ್ದು ಒಣಕಲ್ಲು. ಇಲ್ಲಿ ಹಗಲಿನ ಶಾಖವೆಲ್ಲ ನೀರನ್ನು ಆವಿ ಮಾಡಿ, ಆ ಹಸಿ ಗಾಳಿಯನ್ನು ತೊಗರಿಗೆ ಉಣಿಸಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮಾತು ಕೇಳಬಾರದಿತ್ತೇ ಎಂದು ಕೂಗಾಡಿದೆ. ಉಣ್ಣುವ ಪದಾರ್ಥಕ್ಕೆ ರಾಡಿಯ ಗಾಳಿ ಬಿಡಲೇನು ಎಂದು ಆಕೆಯೂ ಕೂಗಿದಳು. ಹೀಗೆ ಜಗಳಾಡುವುದು ನಮಗೆ ಹೊಸದಲ್ಲ.

ಜಗಳ ಮುಗಿಸಿ ಲೆಕ್ಕದಲ್ಲಿ ನೀರನ್ನೂ ಸೇರಿಸಿದೆ. ತಳದ ನೀರು ಬಳಿಸಿ, ಖಾಲಿ ಕೋಣೆಗೇ ಗಾಳಿ ಬಿಟ್ಟು, ಕಲ್ಲು ಪೂರ್ತಿ ಆರುವ ತನಕ ಕಾದೆವು. ಆಮೇಲೆ ಯಾರೂ ತೊಗರಿ ತರಲಿಲ್ಲ. ಅಕ್ಕ ತನ್ನ ಮನೆಗೆಂದು ಇಟ್ಟುಕೊಂಡಿದ್ದ ವರ್ಷದ ತೊಗರಿಯನ್ನೆಲ್ಲ ಹೊರಗೆ ತಂದಳು. ಇದೂ ಕೆಟ್ಟರೆ ಗಿರಣಿಗೆ ಬೀಗ ಹಾಕುವುದೇ ಎಂದು ಇಬ್ಬರಿಗೂ ಗೊತ್ತಿತ್ತು. ಗ್ರಾಫು ತೋರಿಸಲು ಹೋದೆ. ಆಕೆ ನೋಡಲಿಲ್ಲ.

"ನೀ ಹೇಳು, ನೆನಿ ಹಾಕ್ಲೇನು?"

ನನಗೆ ಭಯವಾಗಿತ್ತು. ಆದರೂ "ಹಾಕು" ಎಂದೆ.

ಮತ್ತೆ ಎರಡನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ಮುಖಕ್ಕೆ ಬೆಚ್ಚನೆಯ ಒಣಗಾಳಿ ಬಡಿಯಿತು. ಅಕ್ಕ ಒಂದು ಕಾಳು ಹಲ್ಲಿಗಿಟ್ಟು ಕಚ್ಚಿದಳು. ಕಟ್ ಎಂದು ಎರಡು ಹೋಳಾಯಿತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ರಸ್ತೆ ದಾಟಿ ಎದುರು ಮನೆಯ ಬಾಗಿಲು ಬಡಿದಳು.

"ನಿನ್ನ ತೊಗರಿ ತಗೊಂಡು ಬಾ."