ಭಾವನ ಎದೆಯ ಮೇಲಿನ ಪದಕ

ನನ್ನ ಅಕ್ಕನ ಗಂಡನಿಗೆ ಹುಟ್ಟಿದಾಗ ಇಟ್ಟ ಹೆಸರು ಯಾವುದೋ ಇದೆ. ಅದನ್ನು ಬಳಸುವವರು ಯಾರೂ ಉಳಿದಿಲ್ಲ. ಊರಿಗೆಲ್ಲ ಅವರು ಗುಡುಗಣ್ಣ, ನನಗೆ ಭಾವ. ಹಗಲು ಲಾರಿ ಟೈರುಗಳಿಗೆ ಪಂಕ್ಚರ್ ಹಾಕುವ ಅಂಗಡಿ, ಸಂಜೆಯಾದರೆ ನಗರಸಭೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು. ಕೆಂಪು ಕೋಟು, ಹಿತ್ತಾಳೆಯ ಗುಂಡಿಗಳು, ಮೂಗಿನ ಕೆಳಗೆ ಎರಡು ಪೊರಕೆ ಜೋಡಿಸಿಟ್ಟಂಥ ಮೀಸೆ. ಅವರು ಕೋಲೆತ್ತಿ ಒಂದು ಪೆಟ್ಟು ಕೊಟ್ಟರೆ ಬೀದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ಪಕ್ಕದ ಬೀದಿಗೆ ಸಂಸಾರ ಸಮೇತ ಗುಳೆ ಹೋಗುತ್ತಿದ್ದವು. ಸೇತುವೆಯ ಉದ್ಘಾಟನೆ ಇರಲಿ, ಶಾಲೆಯ ಕ್ರೀಡಾಕೂಟವಿರಲಿ, ಮೆರವಣಿಗೆಯ ಮುಂದೆ ನಡೆಯುವವರು ಬ್ಯಾಂಡ್ ಮಾಸ್ತರು. ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದುದು ಭಾವನನ್ನು.

ಬ್ಯಾಂಡಿನವರ ಮೈಮೇಲೆ ಅವರವರ ಕಸುಬಿನ ಮುದ್ರೆ ಇರುತ್ತದೆ. ತುತ್ತೂರಿ ಊದುವವನ ತುಟಿಯ ಮೇಲೆ ಉಂಗುರದ ಅಚ್ಚು, ಕ್ಲಾರಿನೆಟ್ಟಿನವನ ಹೆಬ್ಬೆರಳಿನಲ್ಲಿ ಗಂಟು. ದೊಡ್ಡ ಡ್ರಮ್ಮಿನವನಿಗೆ ಎಡ ಎದೆಯ ಮೇಲೆ ಗಂಟು: ನಡೆಯುವಾಗ ಡ್ರಮ್ಮಿನ ಅಂಚು ಅಲ್ಲಿಗೇ ಬಡಿಯುತ್ತದೆ ಎಂಬುದು ಬ್ಯಾಂಡ್ ಕೋಣೆಯಲ್ಲಿ ಯಾರೂ ಪ್ರಶ್ನಿಸದ ಶಾಸ್ತ್ರ. ಭಾವನಿಗೆ ಕೋಲು ಹಿಡಿಯುವುದನ್ನು ಕಲಿಸಿದ ಗುರುಗಳಿಗೂ ಅಂಥದ್ದೊಂದು ಗಂಟು ಇತ್ತಂತೆ. ಹಾಗಾಗಿ ಭಾವನ ಮೊಲೆತೊಟ್ಟಿನ ಕೆಳಗೆ ಗೋಲಿಯಂಥದ್ದು ಕೈಗೆ ಸಿಕ್ಕಿದ ದಿನ ಬ್ಯಾಂಡ್ ಕೋಣೆಯಲ್ಲಿ ಚಪ್ಪಾಳೆಯೇ ಬಿತ್ತು.

"ಮುಟ್ಟಿ ನೋಡ್ರೋ, ಕಲ್ಲು!" ಎಂದು ಭಾವ ಅಂಗಿ ಬಿಚ್ಚಿ ಸಾಲಾಗಿ ಎಲ್ಲರಿಗೂ ದರ್ಶನ ಕೊಟ್ಟರು. "ನಗರಸಭೆ ಕೊಡೋ ಪದಕ ತುಕ್ಕು ಹಿಡಿಯುತ್ತೆ. ಇದಕ್ಕೆ ಆ ಭಯ ಇಲ್ಲ. ಒಂಚೂರೂ ನೋವಿಲ್ಲ, ಗೊತ್ತಾ?"

ನೋವಿಲ್ಲದಿರುವುದೇ ಅವರ ಹೆಮ್ಮೆ. ಮನೆಗೆ ಬಂದ ನೆಂಟರಿಗೂ ತೋರಿಸಲು ಹೊರಟಿದ್ದರು, ಅಕ್ಕ ಕಣ್ಣು ಬಿಟ್ಟದ್ದರಿಂದ ಗುಂಡಿ ಹಾಕಿಕೊಂಡರು.

ನಾನೂ ಅಕ್ಕನೂ ಸೇರಿ ಇಸ್ತ್ರಿ ಅಂಗಡಿ ನಡೆಸುತ್ತೇವೆ. ಊರಿನ ಬಟ್ಟೆಗಳ ಕಥೆಯೆಲ್ಲ ನಮಗೆ ಗೊತ್ತು. ಒಂದು ಬೆಳಗ್ಗೆ ಭಾವನ ಬನಿಯನ್ನಿನ ಎಡಗಡೆ, ಹಿಂದಿನ ವಾರ ಇದ್ದ ಜಾಗದಲ್ಲೇ, ಕಂದುಗೆಂಪು ಚುಕ್ಕೆ ಕಂಡು ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಭಾವ ಆಗ ತಾನೇ ಕೋಟು ಒಯ್ಯಲು ಬಂದಿದ್ದರು.

"ರೀ, ಏನಿದು ಕಲೆ?"

"ಟೈರಿನ ಮಸಿ."

"ಮಸಿ ಬನಿಯನ್ನಿನ ಒಳಗಡೆಯಿಂದ ಹತ್ತುತ್ತಾ?"

"ಡ್ರಮ್ಮಿನ ಗಂಟು ಕಣೇ. ಎಲ್ಲೋ ಉಜ್ಜಿರುತ್ತೆ."

ಅಕ್ಕ ಮಾತು ಕಡಿಮೆ ಆಡುವವಳು. ಆಡಿದರೆ ಎದುರಿಗಿರುವವರು ಕುಳಿತುಕೊಳ್ಳುವುದು ಕ್ಷೇಮ. "ನಿಮ್ಮ ಸೊಂಟ ಹಿಡಿದುಕೊಂಡಿದ್ದು ಯಾವಾಗ?" ಎಂದಳು.

"ಹೋದ ಬೇಸಿಗೆ."

"ಆವತ್ತಿನಿಂದ ಡ್ರಮ್ಮನ್ನ ಚಕ್ರದ ಗಾಡಿ ಮೇಲೆ ತಳ್ಕೊಂಡು ಹೋಗ್ತಿದೀರಿ. ಡ್ರಮ್ಮು ಗಾಡಿ ಮೇಲೆ, ಗಂಟು ನಿಮ್ಮ ಮೇಲೆ. ಆದ್ರೂ ಚಿಕ್ಕ ಗೋಲಿ ದೊಡ್ಡ ಗೋಲಿ ಆಗಿದೆ, ತೊಟ್ಟು ಒಳಕ್ಕೆ ಸೇದ್ಕೊಂಡಿದೆ. ಹಂಗಾದ್ರೆ ಬಡೀತಿರೋದು ಯಾರು?"

ಭಾವನ ಮೀಸೆಯ ಒಂದು ತುದಿ ಅಲ್ಲಾಡಿತು. "ಗಂಡಸಿಗೆ ಅಲ್ಲೇನಿದೆ ಅಂತ ಕಾಯಿಲೆ ಬರೋಕೆ?" ಎಂದರು.

"ಏನೂ ಇಲ್ಲದ ಕಡೆ ಪದಕ ಹೇಗೆ ಬಂತು ಭಾವ?" ಎಂದೆ ನಾನು. ನಾದಿನಿಯಾದವಳು ಇಂಥ ಸಂದರ್ಭ ಬಿಟ್ಟರೆ ಇನ್ನು ಯಾವಾಗ ಬಾಯಿ ಬಿಡಬೇಕು?

ಬೀದಿ ಕೊನೆಯ ಡಾಕ್ಟರರು ಒತ್ತಿ ನೋಡಿದರು, ಕಂಕುಳನ್ನೂ ತಡವಿ ನೋಡಿದರು. ನಗಲಿಲ್ಲ. ಗಂಡಸರಲ್ಲಿ ಎದೆ ಸ್ವಲ್ಪ ಊದಿಕೊಳ್ಳುವುದು ಸಾಮಾನ್ಯ, ಬಹುಪಾಲು ಏನೂ ಅಲ್ಲ, ಆದರೆ ಇದು ಗಟ್ಟಿ ಇದೆ, ರಕ್ತ ಬೇರೆ ಬಂದಿದೆ, ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಿ ಎಂದರು.

ದೊಡ್ಡಾಸ್ಪತ್ರೆಯ ಆ ವಿಭಾಗದ ಬಾಗಿಲ ಮೇಲೆ ತಿಳಿಗುಲಾಬಿ ಬಣ್ಣದ ಫಲಕ: ಸ್ತನ ತಪಾಸಣೆ, ಮಹಿಳೆಯರಿಗೆ ಮಾತ್ರ. ನಮ್ಮ ಮಹಾವೀರರು ಅದನ್ನು ಓದಿ, ಕೋಳಿ ಕದ್ದವರ ಹಾಗೆ ಅಕ್ಕನ ಬೆನ್ನ ಹಿಂದೆ ಸೇರಿಕೊಂಡರು. ಅಷ್ಟು ದೊಡ್ಡ ದೇಹ, ಅಷ್ಟು ಸಣ್ಣ ಅಕ್ಕ. ನಾಲ್ಕೂ ಕಡೆ ಹೊರಗೇ ಕಾಣುತ್ತಿದ್ದರು.

"ಗಂಡಸರು ಹೊರಗಡೆ ಕಾಯ್ಬೇಕು," ಎಂದಳು ಹೆಸರು ಬರೆದುಕೊಳ್ಳುವ ಮೇಜಿನ ಹುಡುಗಿ, ತಲೆ ಎತ್ತದೆ.

"ಗಂಡಸಿಗೇ ತಪಾಸಣೆ," ಎಂದಳು ಅಕ್ಕ.

ಹುಡುಗಿ ತಲೆ ಎತ್ತಿದಳು. ಡಾಕ್ಟರ ಚೀಟಿ ನೋಡಿದಳು, ಮೀಸೆ ನೋಡಿದಳು, ಮತ್ತೆ ಚೀಟಿ ನೋಡಿದಳು. ಪಾಪ, ಒಳ್ಳೆಯ ಮನಸ್ಸಿನವಳು. ದನಿ ತಗ್ಗಿಸಿ, "ಸಾರ್, ನಿಮಗೆ ಮುಜುಗರ ಆಗ್ಬಾರ್ದು. ಹಿಂದುಗಡೆ ಒಗೆಯೋ ಬಟ್ಟೆ ಸಾಗಿಸೋ ಬಾಗಿಲಿದೆ. ಯಾರಿಗೂ ಗೊತ್ತಾಗದ ಹಾಗೆ ಕರ್ಕೊಂಡು ಹೋಗ್ತೀವಿ," ಎಂದಳು.

ಆ ಗಳಿಗೆಯವರೆಗೂ ಭಾವ ಅಂಥದ್ದೇ ಒಂದು ಬಾಗಿಲಿಗಾಗಿ ಹಂಬಲಿಸುತ್ತಿದ್ದರೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಹಿಂಬಾಗಿಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಬೆನ್ನ ಹಿಂದಿನಿಂದ ಮೊದಲು ಮೀಸೆ, ಆಮೇಲೆ ಎದೆ, ಆಮೇಲೆ ಉಳಿದ ಭಾವ ಹೊರಬಂದರು.

"ಯಾಕಮ್ಮಾ? ನಾನೇನು ಕಳ್ಳನಾ? ಕೊಳೆ ಬಟ್ಟೆ ಗಂಟಾ?" ಎಂದು ಮೆರವಣಿಗೆಯ ಗಂಟಲಿನಲ್ಲಿ ಕೇಳಿದರು. "ನನ್ನ ಹೆಸರು ಎಲ್ಲರ ಹೆಸರಿನ ಜೊತೆ ಕೂಗಿ. ಇಲ್ಲೇ ಕೂತಿರ್ತೀನಿ."

ಹಜಾರದಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ಕುಳಿತುಕೊಳ್ಳಲು ಜಾಗ ಇರಲಿಲ್ಲ. ಖಾಕಿ ಅಂಗಿಯ ಒಬ್ಬ ಬಸ್ ಡ್ರೈವರಮ್ಮ ತನ್ನ ಚೀಲವನ್ನು ಬೆಂಚಿನಿಂದ ಕೆಳಗಿಳಿಸಿದಳು.

"ಬನ್ನಿ ಅಣ್ಣಾ, ಇಲ್ಲಿ ಕೂತ್ಕೊಳ್ಳಿ. ಮೀಸೆಗೆ ಬೇರೆ ಸೀಟು ಬೇಕಾಗುತ್ತೋ ಏನೋ."

ಹಜಾರ ಹೊಟ್ಟೆ ಹಿಡಿದು ನಕ್ಕಿತು. ಭಾವನೂ ನಕ್ಕರು. ಮತ್ತೆ ಮಾತಿಗೇನು ಕೊರತೆ? ಕಾಲೇಜಿನ ಹುಡುಗಿಯೊಬ್ಬಳು ತನ್ನ ಗಂಟು ಬಟಾಣಿಯ ಹಾಗೆ ಬೆರಳಿಗೆ ಸಿಗದೆ ಜಾರುತ್ತದೆ, ಪರೀಕ್ಷೆ ಮಾಡಿ ಕೆಟ್ಟದ್ದಲ್ಲ ಎಂದಿದ್ದಾರೆ, ಆಗಾಗ ಬಂದು ತೋರಿಸಬೇಕಷ್ಟೆ ಎಂದಳು. ಹಸುಗೂಸಿನ ತಾಯಿಗೆ ಹಾಲು ಕಟ್ಟಿಕೊಂಡು, ಕೆಂಪಗೆ ಊದಿ ಜ್ವರ ಬಂದಿತ್ತು. ಭಾವ ಪ್ರತಿಯೊಬ್ಬರಿಗೂ ತಮ್ಮ ಪದಕದ ಚರಿತ್ರೆ ಹೇಳಿದರು.

"ನಿಮಗೇನಾಗಿದೆ ತಾಯಿ?" ಎಂದು ಡ್ರೈವರಮ್ಮನನ್ನು ಕೇಳಿದರು.

"ನನಗೇನೂ ಆಗಿಲ್ಲ. ಅದಕ್ಕೇ ಬಂದಿದೀನಿ," ಎಂದಳು ಅವಳು. "ಬಸ್ಸು ಚೆನ್ನಾಗಿ ಓಡ್ತಿರುವಾಗಲೇ ತಾನೇ ಡಿಪೋದಲ್ಲಿ ಬ್ರೇಕ್ ನೋಡೋದು? ಕಂದಕಕ್ಕೆ ಬಿದ್ದಮೇಲೆ ನೋಡ್ತಾರಾ?" ನಂತರ ನಮ್ಮಿಬ್ಬರ ಕಡೆ ತಿರುಗಿ, "ಅಣ್ಣನ್ನ ಎಳ್ಕೊಂಡು ಬಂದಿದೀರಲ್ಲ, ನೀವು ಯಾವಾಗ ಮಾಡಿಸ್ಕೊಂಡ್ರಿ? ಇಬ್ಬರೂ ನಲವತ್ತು ದಾಟಿರೋ ಹಾಗಿದೆ."

ವಯಸ್ಸಿನ ಮಾತು ಕೇಳಿ ನಾನು ಗೋಡೆಯ ಗಡಿಯಾರ ನೋಡಿದೆ. ಅಕ್ಕ, "ನನಗೇನು ಬಂದಿದೆ ದಾಡಿ?" ಎಂದಳು.

"ನಾನೂ ಬೆಳಗ್ಗೆ ಇದನ್ನೇ ಹೇಳಿದ್ದು!" ಎಂದು ಭಾವ ತೊಡೆ ತಟ್ಟಿದರು. ಅಕ್ಕನ ಮುಖ ಹರಳೆಣ್ಣೆ ಕುಡಿದಂತಾಯಿತು. ಅವಳು ಎದ್ದು ಹೋಗಿ ಮೇಜಿನ ಹುಡುಗಿಗೆ ತನ್ನ ಹೆಸರನ್ನೂ ನನ್ನ ಹೆಸರನ್ನೂ ಬರೆಸಿ ಬಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಭಾವನ ಹೆಸರನ್ನು ಹುಡುಗಿ ಗಟ್ಟಿಯಾಗಿಯೇ ಕೂಗಿದಳು. ಮ್ಯಾಮೊಗ್ರಾಮ್ ಯಂತ್ರವೆಂದರೆ ಒಂದರ ಮೇಲೊಂದು ಬಂದು ಕೂರುವ ಎರಡು ತಟ್ಟೆ; ನಡುವೆ ಎದೆಯನ್ನು ಚಪ್ಪಟೆ ಒತ್ತಿ ಚಿತ್ರ ತೆಗೆಯುತ್ತಾರೆ. ಜೀವಮಾನವಿಡೀ ಎದೆ ಉಬ್ಬಿಸಿ ನಡೆದ ಮನುಷ್ಯನಿಗೆ, "ಇನ್ನೂ ಮುಂದೆ ಬನ್ನಿ ಸಾರ್, ಸಾಲ್ತಿಲ್ಲ," ಎಂದು ಯಂತ್ರದಾಕೆ ಮತ್ತೆ ಮತ್ತೆ ಹೇಳಬೇಕಾಯಿತಂತೆ. ಹೊರಬಂದಾಗ ಕಣ್ಣಲ್ಲಿ ನೀರಿತ್ತು.

"ಹೆಂಗಿತ್ತಣ್ಣಾ?" ಎಂದಳು ಡ್ರೈವರಮ್ಮ.

"ಒಳಗೆ ಹೋದ ನೀವ್ಯಾರೂ ಕಿರುಚಲಿಲ್ಲವಲ್ಲ, ಆ ಮರ್ಯಾದೆಗೆ ನಾನೂ ಸುಮ್ಮನಿದ್ದೆ."

ಅದೇ ತಟ್ಟೆಗಳ ನಡುವೆ ನಾವೂ ಹೋಗಿ ಬಂದೆವು. ಒಂದಿಷ್ಟು ನೋವು, ಉಸಿರು ಬಿಡುವಷ್ಟರಲ್ಲಿ ಮುಗಿಯಿತು. ಅಕ್ಕನದರಲ್ಲಿ ಏನೂ ಇರಲಿಲ್ಲ. ನನ್ನದರಲ್ಲಿ ಒಂದು ನೀರುಗುಳ್ಳೆ ಸಿಕ್ಕಿತು, ಯಾರ ತಂಟೆಗೂ ಹೋಗದ ಸಾಧುಪ್ರಾಣಿ. ಸ್ಕ್ಯಾನಿಂಗ್ ಮಾಡಿ ಹಾಗೇ ಬಿಟ್ಟರು.

ಭಾವನ ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರ್ ಎಂದು ಬಂತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಗಂಡಸರಿಗೆ ಬರುವುದು ಅಪರೂಪ, ಆದರೆ ಬರುತ್ತದೆ; ಆ ಭಾಗವನ್ನೇ ತೆಗೆಯಬೇಕು, ಆಮೇಲೆ ಕೆಲವು ವರ್ಷ ದಿನಾ ಮಾತ್ರೆ ಎಂದರು. "ಗೆದ್ದುಬಿಟ್ರಿ ಅಂತ ಈಗಲೇ ಹೇಳಲ್ಲ. ಆದ್ರೆ ಕಂಕುಳಿಗೆ ಹರಡಿದ ಹಾಗೆ ಕಾಣ್ತಿಲ್ಲ. ಇನ್ನೊಂದು ವರ್ಷ ಪದಕ ಅಂತ ತೋರಿಸ್ಕೊಂಡು ತಿರುಗಿದ್ರೆ ಈ ಮಾತೂ ಹೇಳೋಕಾಗ್ತಿರಲಿಲ್ಲ."

ಆ ಸಂಜೆ ಭಾವ ಅಂಗಡಿಯ ಮುಂದೆ ಟೈರಿನ ಮೇಲೆ ಕುಳಿತು ಬಹಳ ಹೊತ್ತು ಮೀಸೆ ಮುಟ್ಟಲಿಲ್ಲ. "ನಮ್ಮ ಗುರುಗಳು ಹೋಗಿದ್ದೂ ಎದೆ ಕಾಯಿಲೆಯಲ್ಲೇ," ಎಂದರು. "ಏನು ಕಾಯಿಲೆ ಅಂತ ಯಾರೂ ಕೇಳಲಿಲ್ಲ. ಗಂಟು ಮುಟ್ಟಿ ಕಣ್ಣಿಗೊತ್ತಿಕೊಂಡ್ವಿ. ಹಾರ ಹಾಕೋದೊಂದು ಬಾಕಿ ಇತ್ತು."

ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಬ್ಯಾಂಡ್ ಮಾಸ್ತರು ಹಣ್ಣು ಹಿಡಿದುಕೊಂಡು ಬಂದು, ಬಾಗಿಲು ಹಾಕಿಸಿ, ಗುಟ್ಟಿನ ದನಿಯಲ್ಲಿ ಶುರುಮಾಡಿದರು.

"ನೋಡು ಮಾರಾಯ, ಕೇಳಿದವರಿಗೆಲ್ಲ ಹೃದಯದ ಆಪರೇಷನ್ ಅಂದಿದೀನಿ. ನೀನೂ ಹಾಗೇ ಹೇಳು. ಹೆಂಗಸರ ಕಾಯಿಲೆ ಅಂತ ಗೊತ್ತಾದ್ರೆ ಬ್ಯಾಂಡಿನ ಮಾನ ಏನಾಗ್ಬೇಕು? ಕೋಟಿನ ಎಡಗಡೆ ತಗ್ಗು ಕಾಣದ ಹಾಗೆ ಹತ್ತಿ ತುಂಬಿಸೋಕೆ ಟೈಲರಿಗೆ ಹೇಳಿದೀನಿ."

ಭಾವ ಅವರು ತಂದ ಹಣ್ಣು ತಿಂದರು. ಹಿಂಬಾಗಿಲನ್ನು ಒದ್ದು ಬಂದ ಮನುಷ್ಯ ಹತ್ತಿಗೆ ಸೋತುಬಿಟ್ಟರಲ್ಲ ಎಂದುಕೊಂಡೆ. ಕೋಟು ಇಸ್ತ್ರಿಗೆ ಬಂದಾಗ ಎಡಗಡೆ ಬೆಕ್ಕಿನ ಮರಿ ಮಲಗಿದ ಹಾಗೆ ಉಬ್ಬಿತ್ತು. ಅಕ್ಕ ಉಬ್ಬನ್ನು ತಪ್ಪಿಸಿ ಇಸ್ತ್ರಿ ಹಾಕಿದಳು.

ಭಾವ ಬ್ಯಾಂಡಿಗೆ ಮರಳಿದ್ದು ನಗರಸಭೆಯ ಪಾರ್ಕಿನ ಸಂಜೆಯ ಕಾರ್ಯಕ್ರಮದಲ್ಲಿ. ಹುಲ್ಲಿನ ಮೇಲೆ ಜಾಗವಿಲ್ಲದಷ್ಟು ಜನ. ಡ್ರಮ್ಮು ಗಾಡಿಯ ಮೇಲೆ, ಭಾವ ಅದರ ಹಿಂದೆ, ಎರಡೂ ಕಡೆ ಸಮನಾಗಿ ಉಬ್ಬಿದ ಕೆಂಪು ಕೋಟಿನಲ್ಲಿ. ಮಾಸ್ತರು ಮೈಕು ಹಿಡಿದರು.

"ಮಹನೀಯರೇ, ಹೃದಯದ ಶಸ್ತ್ರಚಿಕಿತ್ಸೆಯನ್ನು ಜಯಿಸಿ ಬಂದಿರುವ ನಮ್ಮ ವೀರ..."

ಢಂ!

ಮರದ ಮೇಲಿನ ಕಾಗೆಗಳು ಒಟ್ಟಿಗೆ ಎದ್ದವು. ಭಾವ ಕೋಲು ಕೆಳಗಿಳಿಸಿದರು. ಅವರಿಗೆ ಮೈಕು ಬೇಕಿರಲಿಲ್ಲ.

"ಹೃದಯ ಗುಂಡುಕಲ್ಲಿನ ಹಾಗಿದೆ, ಅದಕ್ಕೇನೂ ಆಗಿಲ್ಲ. ನನಗೆ ಬಂದಿದ್ದು ಸ್ತನದ ಕ್ಯಾನ್ಸರ್. ಹೌದು, ನನಗೇ, ಈ ಮೀಸೆಗೇ. ಗಂಟು ಕಂಡಾಗ ಇದೇ ಬ್ಯಾಂಡಿನವರು ಚಪ್ಪಾಳೆ ಹೊಡೆದ್ರು, ಅವರಿಗಿಂತ ಜೋರಾಗಿ ನಾನೇ ಹೊಡ್ಕೊಂಡೆ. ಗಂಡಸರೇ, ಎದೇಲಿ ಗಂಟಿದ್ರೆ ನಾಳೆನೇ ಹೋಗಿ ತೋರಿಸಿ, ಮುಂಬಾಗಿಲಿಂದ ಹೋಗಿ. ಅಮ್ಮಂದಿರೇ, ಅಕ್ಕಂದಿರೇ, ನೀವು ಏನೂ ಆಗದೇ ಇದ್ರೂ ಹೋಗಿ."

ಆಗ ಗೇಟಿನ ಹತ್ತಿರದಿಂದ ಖಾಕಿ ಅಂಗಿಯ ಒಂದು ಕೈ ಮೇಲೆದ್ದಿತು: "ಸೀಟು ಹಿಡಿದಿರ್ತೀನಿ ಅಣ್ಣಾ!"

ನಗು ಎದ್ದಿತು, ಅದರ ಬೆನ್ನಿಗೇ ಚಪ್ಪಾಳೆ. ಈ ಸಲದ ಚಪ್ಪಾಳೆಗೆ ಅರ್ಥವಿತ್ತು. ಪಕ್ಕದಲ್ಲಿದ್ದ ತುತ್ತೂರಿಯವನು ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನ ಎದೆಯನ್ನು ಮೆಲ್ಲಗೆ ಒತ್ತಿ ನೋಡಿಕೊಂಡ. ನಾನು ನೋಡಿದೆ.

"ಮಾನ ತೆಗೆದೆಯಲ್ಲೋ ಮಾರಾಯ," ಎಂದು ಮಾಸ್ತರು ಹಲ್ಲು ಕಚ್ಚಿಕೊಂಡು ಅಂದರು. "ಸಾಕು, ಸುಮ್ಮನೆ ನುಡಿಸು."

ಭಾವ ಹಿತ್ತಾಳೆಯ ಗುಂಡಿ ಬಿಚ್ಚಿ, ಎಡಗಡೆ ಕೈಹಾಕಿ, ಟೈಲರ್ ತುಂಬಿದ್ದ ಹತ್ತಿಯನ್ನೆಲ್ಲ ಎಳೆದು ತೆಗೆದರು. ಕೋಟು ಆ ಕಡೆ ನೆಟ್ಟಗೆ ಒಳಕ್ಕೆ ಕುಳಿತುಕೊಂಡಿತು. ಹತ್ತಿಯನ್ನು ಮಾಸ್ತರ ಅಂಗೈಯಲ್ಲಿಟ್ಟರು.

"ತಗೊಳ್ಳಿ ಮಾಸ್ತರೇ, ಕಿವಿಗಿಟ್ಕೊಳ್ಳಿ. ಈಗ ಹೊಡೀತೀನಿ."

ಮಾಸ್ತರು ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.