ಅಟ್ಟದ ಕಾಯಿ, ಗಿಟುಕನ ಬಾಯಿ

ಮನುಷ್ಯನ ಬಾಯಿ ನಾರಿದರೆ ಅದನ್ನು ಅವನಿಗೆ ಹೇಳುವವರು ಯಾರೂ ಇಲ್ಲ. ಹೆಂಡತಿ ಹೇಳಿದರೆ ಜಗಳ, ಸ್ನೇಹಿತ ಹೇಳಿದರೆ ಸ್ನೇಹ ಅಲ್ಲಿಗೆ ಮುಗಿಯಿತು. ಮರ್ಯಾದಸ್ಥರು ಒಂದು ಏಲಕ್ಕಿ ಕೊಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡು, ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತಾರೆ. ನಾಯಿಯ ಬಾಯಿ ನಾರಿದರೆ ಮಾತ್ರ ಇಂಥ ದಾಕ್ಷಿಣ್ಯ ಯಾರಿಗೂ ಬೇಕಿಲ್ಲ. ಮನೆಮಂದಿಯೆಲ್ಲ ಎದುರಿಗೇ ಬೈಯಬಹುದು. ನಾವೂ ಬೈದೆವು. "ಥೂ, ಆಚೆ ಹೋಗೋ, ಗಬ್ಬು ನಾತದವನೇ" ಎಂದು ನಾನೇ ಎಷ್ಟು ಸಲ ಅಂದಿದ್ದೇನೋ! ಅವನು ಅದನ್ನೂ ಮುದ್ದಿನ ಮಾತೆಂದೇ ತಿಳಿದು, ಬಾಲ ಆಡಿಸಿಕೊಂಡು ಇನ್ನೂ ಹತ್ತಿರ ಬರುತ್ತಿದ್ದ.

ಅವನ ಹೆಸರು ಗಿಟುಕ. ಒಣಗಿದ ಕೊಬ್ಬರಿಗೆ ನಮ್ಮ ಕಡೆ ಗಿಟುಕು ಅನ್ನುತ್ತಾರೆ. ಮರಿಯಾಗಿದ್ದಾಗ ಕಂದು ಬಣ್ಣದ ಉಂಡೆಯಾಗಿ ಒಲೆಯ ಪಕ್ಕ ಉರುಳಿಕೊಂಡಿರುತ್ತಿದ್ದ, ಅದಕ್ಕೆ ನಮ್ಮತ್ತೆ ಆ ಹೆಸರಿಟ್ಟರು. ಯಾವ ಜಾತಿ ನಾಯಿ ಎಂದು ಕೇಳಿದವರಿಗೆ ನಮ್ಮ ಯಜಮಾನರು "ತುರುವೇಕೆರೆ ಬಸ್ ಸ್ಟ್ಯಾಂಡ್ ಜಾತಿ" ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಸಿಕ್ಕಿದ್ದು ಅಲ್ಲೇ. ಕೇಳಿದವರು ಅದೂ ಒಂದು ತಳಿಯಿರಬೇಕು ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಯಜಮಾನರ ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಬ್ಬರಿಯಿಂದಲೇ ಬದುಕುವ ಈ ಸೀಮೆಯಲ್ಲಿ ಮೂಗಿಗೆ ಬೆಲೆಯಿದೆ. ಕೊಬ್ಬರಿ ರಾಶಿಯ ಮುಂದೆ ನಿಂತು ಒಂದು ಸಲ ಉಸಿರು ಎಳೆದುಕೊಂಡರೆ ಸಾಕು, ಮಾಲು ಎಂಥದ್ದು, ಮಳೆ ನೀರು ಕುಡಿದಿದೆಯೋ ಇಲ್ಲವೋ ಎಂದು ಅವರು ಹೇಳಿಬಿಡುತ್ತಾರೆ. ನಾನು ಸಾರಿಗೆ ಇಂಗು ಮರೆತದ್ದನ್ನು ಬೀದಿಯಲ್ಲಿ ನಿಂತೇ ಕಂಡುಹಿಡಿಯುವ ಮೂಗು ಅದು. ಅಂಥ ಮೂಗನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ ನನ್ನ ಕಷ್ಟ ನನಗೇ ಗೊತ್ತು.

ಆ ಮೂಗಿಗೆ ಗೌರಿ ಹಬ್ಬದ ಹೊತ್ತಿಗೆ ಮನೆಯೊಳಗೆ ಏನೋ ಕೊಳೆತ ವಾಸನೆ ಬಡಿಯಿತು. ಅವರು ಪಡಸಾಲೆಯ ಮಧ್ಯೆ ನಿಂತು ಕತ್ತೆತ್ತಿ ಅಟ್ಟ ನೋಡಿದರು.

"ಮ್ಯಾಲೆ ಎಲ್ಲೋ ಒಂದ್ ಕಾಯಿ ಕೊಳ್ತೈತೆ ಕಣೇ. ಅದರ ಪಾಡಿಗೆ ಅದು ಒಣಗ್ತದೆ, ಬುಡು."

ಇದು ಅವರೊಬ್ಬರ ಸೋಮಾರಿತನದ ಮಾತಲ್ಲ, ನಮ್ಮ ಕಡೆಯ ಶಾಸ್ತ್ರವೇ ಹೀಗೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಲ್ಲಿಯವರೆಗೆ ಅಟ್ಟ ಕೆದಕುವ ಹಾಗಿಲ್ಲ. ಕೆದಕಿದರೆ ಕಾಯಿ ಕಾಯಿಗೆ ಬಡಿದು ಬಿರುಕು ಬಿಟ್ಟು, ಒಂದು ಕೆಡುವ ಕಡೆ ಹತ್ತು ಕೆಡುತ್ತವೆ. ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ಜನಕ್ಕೆ ಒಂದು ಮಳೆಗಾಲದ ವಾಸನೆ ಯಾವ ಲೆಕ್ಕ? ತಾಳಿದವನು ಬಾಳಿಯಾನು ಎನ್ನುವುದು ಬೇರೆಯವರಿಗೆ ಗಾದೆ, ನಮಗೆ ಕಸುಬು.

ಗಿಟುಕ ಮಲಗುತ್ತಿದ್ದುದೂ ಆ ಅಟ್ಟದ ಕೆಳಗೇ. ಅವನ ಬಾಯಿಯೂ ನಾರುತ್ತಿದೆಯಲ್ಲ ಎಂದು ನಾನು ಹೇಳಿದ್ದಕ್ಕೆ ಯಜಮಾನರ ಹತ್ತಿರ ಉತ್ತರ ತಯಾರಿತ್ತು. ಕೊಳೆತ ಕಾಯಿಯ ನೀರು ತೊಟ್ಟಿಕ್ಕುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ನಾರದೆ ಇನ್ನೇನು ಮಾಡುತ್ತದೆ? ದಸರಾ ಕಳೆದು ಹುಳಿಯಾರಿನಿಂದ ಬಂದ ಬಾಷಾ ಸಾಹೇಬರು ಜಗಲಿಯ ಮೇಲೆ ಕೂತ ಕೂಡಲೇ ಕರ್ಚೀಫು ತೆಗೆದರು. ವರ್ಷವರ್ಷವೂ ನಮ್ಮ ಕೊಬ್ಬರಿ ಕೊಳ್ಳುವವರು ಅವರೇ. ಗಿಟುಕ ಅವರ ಮೊಣಕಾಲಿನ ಮೇಲೆ ಗಲ್ಲ ಊರಿ ಪ್ರೀತಿಯಿಂದ ಉಸಿರು ಬಿಡುತ್ತಿದ್ದ.

"ಏನ್ ಸ್ವಾಮಿ, ಅಟ್ಟದಲ್ಲಿ ಕಾಯಿ ಕೆಟ್ಟೋಗವೆ ಕಣ್ರೀ" ಎಂದರು ಅವರು.

"ನಾನು ಹೇಳ್ಲಿಲ್ವಾ?" ಎನ್ನುವಂತೆ ಯಜಮಾನರು ನನ್ನ ಕಡೆ ನೋಡಿದರು. ಎರಡು ಘನವಾದ ಮೂಗುಗಳು ಒಂದೇ ತೀರ್ಪು ಕೊಟ್ಟ ಮೇಲೆ ಅಡುಗೆಮನೆಯ ಮೂಗನ್ನು ಕೇಳುವವರು ಯಾರು?

ಆದರೂ ನಾನು ನನ್ನ ಮನೆವೈದ್ಯ ಬಿಡಲಿಲ್ಲ. ಬೇವಿನ ಕಡ್ಡಿ ಜಗಿದು ಮೆತ್ತಗೆ ಮಾಡಿ ಅವನ ಹಲ್ಲು ಉಜ್ಜಲು ಹೋದೆ. ಪುದೀನ ಅರೆದು ಮಜ್ಜಿಗೆ ಅನ್ನಕ್ಕೆ ಕಲಸಿದೆ. ಕೊಬ್ಬರಿ ಎಣ್ಣೆಯಂತೂ ಸರಿಯೇ ಸರಿ; ನಮ್ಮ ಸೀಮೆಯಲ್ಲಿ ಕೂದಲು ಉದುರಿದರೂ, ಬಾಗಿಲು ಕಿರುಗುಟ್ಟಿದರೂ ಅದೇ ಮದ್ದು. ಬಟ್ಟೆಗೆ ಎಣ್ಣೆ ಅದ್ದಿ ಅವನ ಒಸಡಿಗೆ ಸವರಲು ಬೆರಳು ಹಾಕಿದ ದಿನ, ಜನ್ಮದಲ್ಲಿ ನನ್ನ ಮೇಲೆ ಗುರುಗುಟ್ಟದಿದ್ದ ಪ್ರಾಣಿ ಹಲ್ಲು ಕಿರಿದು ಗುರ್ ಎಂದಿತು. ನಾನು ಒಂದು ಏಟು ಕೊಟ್ಟೆ. ಅದು ನೋವಿನ ಸದ್ದು ಎಂದು ನನಗೆ ಹೊಳೆಯಲಿಲ್ಲ. ಕೊಬ್ಬು ಜಾಸ್ತಿಯಾಗಿದೆ ಎಂದುಕೊಂಡೆ.

ಮನೆಯಲ್ಲಿ ಅವನನ್ನು ಆಚೆ ಹೋಗು ಎನ್ನದೆ ಇದ್ದವರು ನಮ್ಮತ್ತೆ ಒಬ್ಬರೇ. ಕೆಲವು ವರ್ಷದ ಹಿಂದೆ ಬಂದುಹೋದ ಒಂದು ಜ್ವರ ಅವರ ಮೂಗಿನ ಶಕ್ತಿಯನ್ನು ಪೂರಾ ಕಿತ್ತುಕೊಂಡು ಹೋಗಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ನಾವೆಲ್ಲ ಮಾರು ದೂರ ಕೂತು ಊಟ ಮಾಡುವಾಗ ಗಿಟುಕ ಹೋಗಿ ಅವರ ತೊಡೆಯ ಮೇಲೆ ತಲೆ ಇಡುತ್ತಿದ್ದ. ಅವರು ಅವನ ಕಿವಿ ನೀವುತ್ತಾ ಊರ ಸುದ್ದಿಯನ್ನೆಲ್ಲ ಅವನಿಗೆ ಒಪ್ಪಿಸುತ್ತಿದ್ದರು. ನಾತ ಗೊತ್ತಾಗದವರ ಪುಣ್ಯವೇ ಪುಣ್ಯ ಎಂದು ನಾನು ಹಿಂದಿನಿಂದ ನಗುತ್ತಿದ್ದೆ.

ದೀಪಾವಳಿ ಆದ ಮೇಲೆ ಒಂದು ಬೆಳಗ್ಗೆ ಅತ್ತೆ ಕೂಗಿದರು.

"ಏ, ಬಾ ಇಲ್ಲಿ. ಮುದ್ದೆ ಒಂದೇ ದವಡೇಲಿ ಅಗೀತಾನೆ, ಆ ಕಡೆಯಿಂದ ಬಿದ್ದೋಗ್ತದೆ. ನನ್ ಸೀರೆ ನೋಡು, ರಕ್ತ ಕಣೇ!"

ಸೆರಗಿನ ತುಂಬ ಜೊಲ್ಲು, ಜೊಲ್ಲಿನಲ್ಲಿ ಕೆಂಪು ಎಳೆ. ನಾವು ಮೂಗಿದ್ದವರು ಮೂಸಿ ಮೂಸಿ ದೂರ ಸರಿದಿದ್ದೆವು. ಮೂಗಿಲ್ಲದ ಅತ್ತೆ ಹತ್ತಿರ ಕೂತಿದ್ದರು, ಅದಕ್ಕೇ ಅವರಿಗೆ ಕಂಡಿತು. ಅಷ್ಟೇ.

ಅವತ್ತೇ ಆಟೋದಲ್ಲಿ ತಿಪಟೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಯಜಮಾನರು ಟವೆಲಿನಿಂದ ಮೂಗು ಮುಚ್ಚಿಕೊಂಡಿದ್ದರು. ನಾಯಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಒಂದು ಸೂಜಿ ಹಾಕಿ, ಅವನು ಮಂಪರಾದ ಮೇಲೆ ತುಟಿ ಎತ್ತಿ ಟಾರ್ಚು ಬಿಟ್ಟರು. ಹಿಂದಿನ ಹಲ್ಲುಗಳ ಸುತ್ತ, ಒಸಡು ಇರಬೇಕಾದಲ್ಲಿ ಕಪ್ಪಗೆ ಒಂದು ಗಡ್ಡೆ ಎದ್ದು ಕೂತಿತ್ತು. ಅದರ ಮೇಲ್ಭಾಗ ಕೊಳೆತು ಒಡೆದಿತ್ತು.

"ಇದು ಹಲ್ಲಿನ ಕೊಳೆಯಲ್ಲಮ್ಮ, ಕ್ಯಾನ್ಸರ್ ಇರಬೇಕು. ದವಡೆ ಮೂಳೆಗೇ ಇಳಿದುಬಿಟ್ಟಿದೆ. ವಾಸನೆ ಯಾವಾಗಿಂದ ಇದೆ?"

"ಗೌರಿ ಹಬ್ಬದಿಂದ" ಎಂದರು ಯಜಮಾನರು. "ನಾವು ಅಟ್ಟದ ಕಾಯಿ ಅಂದ್ಕೊಂಡಿದ್ವಿ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವರು ನಮ್ಮ ಸೀಮೆಯವರಲ್ಲ. "ಆಗಲೇ ತಂದಿದ್ರೆ?" ಎಂದು ಯಜಮಾನರು ಮೆಲ್ಲಗೆ ಕೇಳಿದರು. ಆಕೆ ಕೈ ತೊಳೆಯುತ್ತಾ, ಆಗ ಚಿಕ್ಕದಿದ್ದಿದ್ದರೆ ಕತ್ತರಿಸಿ ನೋಡಬಹುದಿತ್ತೇನೋ, ಖಂಡಿತ ಹೇಳಲಾಗದು ಎಂದರು. ಆ ಖಂಡಿತವಿಲ್ಲದ ಮಾತು ಯಜಮಾನರನ್ನು ತಿಂದಷ್ಟು ಬೇರೇನೂ ತಿನ್ನಲಿಲ್ಲ.

ನೋವಿಗೆ ಮಾತ್ರೆ ಕೊಟ್ಟರು. ತಿನ್ನುವುದನ್ನು ನಿಲ್ಲಿಸಿದ ದಿನ ಫೋನ್ ಮಾಡಿ, ನಾನೇ ಬರುತ್ತೇನೆ ಎಂದರು. ಬಂದು ಏನು ಮಾಡುತ್ತಾರೆ ಎಂದು ತಿಳಿದೇ ಯಜಮಾನರು ನಂಬರು ಬರೆಸಿಕೊಂಡರು.

ಆಮೇಲೆ ವಾಸನೆ ಇನ್ನೂ ಹೆಚ್ಚಿತು. ಅದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಬದುಕಿರುವ ಜೀವ ಒಂದು ಮೂಲೆಯಿಂದ ಕೊಳೆಯುತ್ತಿತ್ತು, ಮಿಕ್ಕ ಭಾಗ ಬಾಲ ಆಡಿಸುತ್ತಿತ್ತು. ಅತ್ತೆ ಗಂಜಿಯನ್ನು ಬೆರಳಿನಲ್ಲಿ ನೆಕ್ಕಿಸುತ್ತಿದ್ದರು. ಪಕ್ಕದ ಮನೆಯವರು ತೋಟದಲ್ಲಿ ಕಟ್ಟಿಹಾಕಿ ಎಂದು ಬುದ್ಧಿ ಹೇಳಿದರು. ಯಜಮಾನರು ಅವರಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಧನುರ್ಮಾಸದಲ್ಲಿ ಗಂಜಿಯೂ ನಿಂತಿತು. ಫೋನ್ ಮಾಡಿದೆವು. ಹಿತ್ತಲ ಬಿಸಿಲಿನಲ್ಲಿ ಗೋಣಿಚೀಲದ ಮೇಲೆ ಅವನನ್ನು ಮಲಗಿಸಿದೆವು. ಡಾಕ್ಟರಮ್ಮ ಸೂಜಿಗೆ ಔಷಧಿ ಎಳೆಯುವಾಗ, ಯಜಮಾನರು ಟವೆಲನ್ನು ಹೆಗಲಿಗೆ ಹಾಕಿ ನೆಲದ ಮೇಲೆ ಕೂತರು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಆ ಬಾಯಿಯ ಹತ್ತಿರಕ್ಕೆ ತಮ್ಮ ಹೆಸರಾಂತ ಮೂಗನ್ನು ತಂದು, "ತಡ ಮಾಡ್ಬುಟ್ಟೆ ಕಣ್ಲಾ" ಎಂದರು. ಗಿಟುಕ ಅವರ ಮೂಗನ್ನೇ ಒಂದು ಸಲ ನೆಕ್ಕಿದ. ನಾನು ನೋಡಲಾರದೆ ಒಳಗೆ ಬಂದು ಅತ್ತುಬಿಟ್ಟೆ.

ಶಿವರಾತ್ರಿ ಕಳೆದು ಅಟ್ಟದ ಕಾಯಿ ಇಳಿಸಿ ಸುಲಿಸಿದೆವು. ಹೆಂಗಸರು ಅಂಗಳದಲ್ಲಿ ಕೂತು ಚಿಪ್ಪು ಒಡೆದರು. ಯಜಮಾನರು ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ, ಒಡೆದದ್ದನ್ನೆಲ್ಲ ಒಂದೊಂದಾಗಿ ಎತ್ತಿ ಮೂಸಿ ಮೂಸಿ ಪಕ್ಕಕ್ಕಿಡುತ್ತಿದ್ದರು. ಎರಡೋ ಮೂರೋ ಕಾಯಿ ಬಿರುಕು ಬಿಟ್ಟು ಸೊರಗಿದ್ದವು, ಆದರೆ ಒಂದೂ ಕೊಳೆತಿರಲಿಲ್ಲ. ಬಾಷಾ ಸಾಹೇಬರು ರಾಶಿಯ ಮುಂದೆ ನಿಂತು ಉಸಿರೆಳೆದುಕೊಂಡು ಕೈ ಮೇಲೆತ್ತಿದರು.

"ಏನ್ ಮಾಲು ಸ್ವಾಮಿ! ಇಂಥ ಅಟ್ಟ ನಾನು ನೋಡೇ ಇಲ್ಲ. ಒಂದೂ ಕೊಳ್ತಿಲ್ವಲ್ರೀ!"

"ಒಂದಾದ್ರೂ ಕೊಳ್ತಿರ್ಬಾರ್ದಾಗಿತ್ತಾ, ಸಾಹೇಬ್ರೇ?" ಎಂದರು ಯಜಮಾನರು.

ತಮಾಷೆ ಎಂದುಕೊಂಡು ಅವರು ಜೋರಾಗಿ ನಕ್ಕರು. ಇವರೂ ನಗಲು ನೋಡಿದರು, ಆಗಲಿಲ್ಲ. ಹೆಗಲ ಮೇಲಿನ ಟವೆಲನ್ನು ಎಳೆದು ಮುಖಕ್ಕೆ ಒತ್ತಿಕೊಂಡರು. ಅಂಗಳದಲ್ಲಿ ಆಗ ಯಾವ ಕೆಟ್ಟ ವಾಸನೆಯೂ ಇರಲಿಲ್ಲ.