ದೇವರ ಮುಂದಿಟ್ಟ ಕುದುರೆಯ ಕಾಗದ

ಸೆಂಟರ್‌ವಿಲ್‌ನ ಡಾಕ್ಟರ್ ಪ್ರೇಮಾವತಿಯವರನ್ನು ನಾವೆಲ್ಲ ಪ್ರೇಮಕ್ಕ ಎನ್ನುತ್ತೇವೆ. ಊರು ಕಾಪು. ಅರವತ್ತೆಂಟನೇ ಇಸವಿಯಲ್ಲಿ ಈ ದೇಶಕ್ಕೆ ಬಂದವರು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ವರದಿಗಳಿಗೆ ಸಹಿ ಹಾಕುವುದು ಅವರ ಕೆಲಸ. ರೋಗಿಗಳ ಮುಖ ನೋಡಿದ್ದಕ್ಕಿಂತ ರಕ್ತ ನೋಡಿದ್ದೇ ಹೆಚ್ಚು ಎಂದು ಅವರೇ ಹೇಳುತ್ತಾರೆ. ಗಂಡ ಡಾಕ್ಟರ್ ಭುಜಂಗ ಎಕ್ಸ್‌ರೇ ನೋಡುವವರು. ಊಟಕ್ಕೆ ಹೋದರೆ ಇಬ್ಬರೂ ನಮ್ಮ ಮೈಯೊಳಗಿನದನ್ನೆಲ್ಲ ಹಂಚಿಕೊಂಡು ನೋಡುತ್ತಿದ್ದಾರೇನೋ ಎಂದು ನನಗೆ ಸ್ವಲ್ಪ ಸಂಕೋಚವಾಗುತ್ತಿತ್ತು.

ಪ್ರೇಮಕ್ಕನ ಪರಿಚಯವಾದ ಹೊಸದರಲ್ಲಿ ಅವರ ಮಾತಿನಲ್ಲಿ ಮಾರ್ತಾ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಮಾರ್ತಾಳಿಗೆ ಹಲ್ಲು ತೋರಿಸಬೇಕು, ಮಾರ್ತಾ ಎರಡು ದಿನದಿಂದ ಸರಿಯಾಗಿ ತಿಂದಿಲ್ಲ, ಮಾರ್ತಾಳಿಗೆ ಚಳಿಗೆ ಹೊದಿಕೆ ತಂದೆ. ಮನೆಗೆಲಸದವಳನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವವರು ಎಲ್ಲಿ ಸಿಗುತ್ತಾರೆ ಎಂದು ನಾನು ನಮ್ಮೆಜಮಾನರ ಮುಂದೆ ಕೊಂಡಾಡಿದೆ. ಒಂದು ದಿನ ಡಬ್ಬಿ ತುಂಬ ಕೋಡುಬಳೆ ಮಾಡಿ, "ಇದು ಮಾರ್ತಾಗೆ" ಎಂದು ಕೊಟ್ಟೆ. ಪ್ರೇಮಕ್ಕ ನನ್ನನ್ನು ಒಂದು ಗಳಿಗೆ ನೋಡಿ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಲಾಯದ ಮುಂದೆ ನಿಲ್ಲಿಸಿದರು. ಒಳಗಿನಿಂದ ಕಂದು ಬಣ್ಣದ ಒಂದು ದೊಡ್ಡ ಮುಖ ಹೊರಗೆ ಬಂತು. ನಾನು ಹತ್ತು ಅಡಿ ಹಿಂದೆ ಸರಿದೆ. ಆಮೇಲಿನ ಮೂರು ವರ್ಷವೂ ಆ ಹತ್ತು ಅಡಿಯನ್ನು ಕಾಪಾಡಿಕೊಂಡೆ.

ಐವತ್ತೆರಡನೆಯ ವಯಸ್ಸಿಗೆ ಕುದುರೆ ಕೊಂಡವರು ಪ್ರೇಮಕ್ಕ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಹೆಂಗಸರು ವೀಣೆ ಕಲಿಯುತ್ತಾರೆ, ಯೋಗಕ್ಕೆ ಸೇರುತ್ತಾರೆ. ಇವರು ಕುದುರೆ ಸವಾರಿ ಕಲಿತರು. ತೊಂಬತ್ತಾರರ ಏಪ್ರಿಲ್‌ನಲ್ಲಿ ಪೊದೆಯಿಂದ ಜಿಂಕೆಯೊಂದು ನೆಗೆಯಿತು, ಮಾರ್ತಾ ಬೆದರಿ ಪಕ್ಕಕ್ಕೆ ಹಾರಿತು, ಪ್ರೇಮಕ್ಕ ಬಿದ್ದು ಕಾಲರ್ ಬೋನ್ ಮುರಿದುಕೊಂಡರು. ಆ ಎಕ್ಸ್‌ರೇ ನೋಡಿದ್ದು ಭುಜಂಗ ಅವರೇ. "ಇನ್ನೊಮ್ಮೆ ಹೆಂಡತಿಯ ಎಲುಬು ನೋಡುವ ಕೆಲಸ ನನಗೆ ಬೇಡ" ಎಂದಷ್ಟೇ ಅಂದರಂತೆ.

ಎಲುಬು ಆರು ವಾರದಲ್ಲಿ ಕೂಡಿತು, ಧೈರ್ಯ ಕೂಡಲಿಲ್ಲ. ಪ್ರೇಮಕ್ಕ ದಿನವೂ ಲಾಯಕ್ಕೆ ಹೋಗಿ ಮಾರ್ತಾಳ ಮೈ ತಿಕ್ಕುತ್ತಿದ್ದರು, ಗೊರಸು ಶುಚಿ ಮಾಡುತ್ತಿದ್ದರು. ಆದರೆ ಆರು ತಿಂಗಳಲ್ಲಿ ಒಂದು ಸಲವೂ ಹತ್ತಲಿಲ್ಲ. ಕೊನೆಗೆ ಭುಜಂಗ ಅವರೇ ಕೊಳ್ಳುವವರೊಬ್ಬರನ್ನು ಹುಡುಕಿದರು. ನಾರ್ತ್ ಕ್ಯಾರೊಲಿನಾದ ವೆಂಡೆಲ್ ಎಂಬ ನಿವೃತ್ತ ಅಂಚೆಯವನು, ಮೊಮ್ಮಕ್ಕಳಿಗಾಗಿ ಸಾಧು ಕುದುರೆ ಹುಡುಕುತ್ತಿದ್ದ. ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಅಕ್ಟೋಬರ್‌ನ ಒಂದು ವಾರಾಂತ್ಯ ಪ್ರೇಮಕ್ಕ ಮಾರ್ತಾಳನ್ನು ಕರೆದುಕೊಂಡು ಬೆಟ್ಟದ ಕೆಳಗೆ ಸವಾರರು ಕುದುರೆಯೊಂದಿಗೆ ತಂಗುವ ಕ್ಯಾಂಪಿಗೆ ಹೋಗುವುದು. ಭಾನುವಾರ ಮಧ್ಯಾಹ್ನ ವೆಂಡೆಲ್ ಅಲ್ಲಿಗೇ ಬರುವುದು. ಅಷ್ಟರೊಳಗೆ ಪ್ರೇಮಕ್ಕ ಹತ್ತಿ ಕಾಡಿನ ದಾರಿಯಲ್ಲಿ ಹೋಗಿ ಬಂದರೆ ಮಾರ್ತಾ ಅವರದು. ಇಲ್ಲವಾದರೆ ವೆಂಡೆಲ್‌ನದು.

ಜೊತೆಗೆ ನನ್ನನ್ನು ಕರೆದರು.

"ನನಗೆ ಕುದುರೆ ಅಂದ್ರೆ ಭಯ ಪ್ರೇಮಕ್ಕ."

"ಗೊತ್ತುಂಟು. ನೀನು ಬುದ್ಧಿ ಹೇಳುವುದಿಲ್ಲ, ಸುಮ್ಮನೆ ಕೇಳ್ತಿ. ನನಗೆ ಅಂಥವಳು ಸಾಕು. ಮತ್ತೆ ಪುಳಿಯೋಗರೆ ಮಾಡ್ತಿ."

ಇಂಥ ಕ್ಯಾಂಪುಗಳಲ್ಲಿ ಕುದುರೆಯನ್ನು ಒಳಗೆ ಬಿಡಬೇಕಾದರೆ ಅದರ ರಕ್ತಪರೀಕ್ಷೆಯ ಕಾಗದ ತೋರಿಸಬೇಕು. ಒಂದು ಕುದುರೆಯಿಂದ ಇನ್ನೊಂದಕ್ಕೆ ಹರಡುವ ಕಾಯಿಲೆಯೊಂದಿದೆ, ಅದು ಇಲ್ಲವೆಂದು ಒಂದು ವರ್ಷದೊಳಗೆ ಪರೀಕ್ಷೆ ಮಾಡಿಸಿರಬೇಕು. ಸಾವಿರಾರು ಜನರ ವರದಿಗಳನ್ನು ಕಾಪಾಡುವ ಪ್ರೇಮಕ್ಕ ಸ್ವಂತ ಕಾಗದ ಮಾತ್ರ ಎಲ್ಲೆಂದರಲ್ಲಿ ಇಡುವವರು. ಹದಿನೈದು ದಿನ ಮೊದಲೇ ಅದನ್ನು ನನ್ನ ಕೈಗಿಟ್ಟು, "ನೀನು ಜಾಗ್ರತೆ ಮನುಷ್ಯಳು, ನೀನೇ ಇಟ್ಟುಕೋ" ಎಂದರು. ಈ ಹೊಗಳಿಕೆಯಿಂದ ನನಗೆ ತುಂಬ ಸಂತೋಷವಾಯಿತು ಎಂದು ಒಪ್ಪಿಕೊಳ್ಳಬೇಕು.

ಕಾಗದವನ್ನು ಜಾಗ್ರತೆಯಾಗಿ ಇಡುವುದೆಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಹರ್ನ್‌ಡನ್‌ನ ನಮ್ಮ ಟೌನ್‌ಹೌಸಿನಲ್ಲಿ ಟವೆಲು ಇಡುವ ಗೂಡನ್ನು ನಾನು ದೇವರ ಗೂಡು ಮಾಡಿಕೊಂಡಿದ್ದೇನೆ. ನಮ್ಮೆಜಮಾನರ ವೀಸಾ, ಗ್ರೀನ್ ಕಾರ್ಡಿನ ಅರ್ಜಿ, ಮನೆಸಾಲದ ಅರ್ಜಿ, ಮಗಳು ತನ್ವಿಯ ಕಾಲೇಜಿನ ಅರ್ಜಿ, ಎಲ್ಲವೂ ಮೊದಲು ಚಾಮುಂಡಿಯ ಪಾದದ ಬಳಿ ಕೂತು, ಮೂಲೆಗೆ ಕುಂಕುಮ ಹಚ್ಚಿಸಿಕೊಂಡೇ ಹೊರಗೆ ಹೋದವು. ಒಂದೂ ತಿರಸ್ಕಾರವಾಗಿ ಬಂದಿಲ್ಲ. ಹಾಗಾಗಿ ಮಾರ್ತಾಳ ಕಾಗದವನ್ನೂ ಅಲ್ಲಿಟ್ಟು, ಕುಂಕುಮ ಹಚ್ಚಿ, ಪ್ರೇಮಕ್ಕನಿಗೆ ಧೈರ್ಯ ಕೊಡು ತಾಯಿ ಎಂದು ದಿನಾ ಬೇಡಿಕೊಂಡೆ.

ಶನಿವಾರ ಪ್ರೇಮಕ್ಕ ಜೀನ್ಸ್ ಹಾಕಿ, ದೊಡ್ಡ ಪಿಕಪ್ ಟ್ರಕ್ಕಿನ ಹಿಂದೆ ಕುದುರೆಯ ಟ್ರೇಲರ್ ಕಟ್ಟಿಕೊಂಡು ನಮ್ಮ ಮನೆ ಮುಂದೆ ಬಂದು ನಿಂತರು. ನಾನು ಕುಕ್ಕರು, ಪುಳಿಯೋಗರೆ ಗೊಜ್ಜು, ಎರಡು ಸ್ವೆಟರು, ಮಂಕಿ ಕ್ಯಾಪು, ನನ್ನ ಇನ್ಶೂರೆನ್ಸ್ ಕಾರ್ಡು, ಯಾತಕ್ಕೂ ಇರಲಿ ಎಂದು ನನ್ನ ಪಾಸ್‌ಪೋರ್ಟು, ಎಲ್ಲ ತೆಗೆದುಕೊಂಡು ಹತ್ತಿದೆ.

ಕ್ಯಾಂಪಿನ ಬಾಗಿಲ ಪಕ್ಕ ಮರದ ಒಂದು ಸಣ್ಣ ಆಫೀಸು. ಒಳಗಿದ್ದ ಲೊರೀನ್ ಎಂಬ ಹೆಂಗಸು, ಬೆಳ್ಳಿ ಕೂದಲಿನವಳು, ಕುದುರೆಯ ಕಾಗದ ಕೊಡಿ ಎಂದಳು. ಪ್ರೇಮಕ್ಕ ನನ್ನ ಕಡೆ ತಿರುಗಿದರು. ನಾನು ಚೀಲ ತೆರೆದೆ. ಚೀಲದಲ್ಲಿ ಕೈ ಆಡಿಸುತ್ತಿರುವಾಗಲೇ ನನ್ನ ಕಣ್ಣಿಗೆ ಕಂಡದ್ದು ಚಾಮುಂಡಿಯ ಪಾದ.

"ಎಂತಾಯಿತು?" ಎಂದರು ಪ್ರೇಮಕ್ಕ.

"ದೇವರ ಮುಂದೆ ಇದೆ ಪ್ರೇಮಕ್ಕ. ಮನೇಲಿ."

ನಾಲ್ಕೂಕಾಲು ಗಂಟೆ. ಆಫೀಸು ಐದಕ್ಕೆ ಮುಚ್ಚುತ್ತದೆ. ಕಾಗದದ ಪ್ರತಿ ಕಳಿಸಬಹುದಾಗಿದ್ದ ಪಶುವೈದ್ಯರ ಕ್ಲಿನಿಕ್ಕು ಶನಿವಾರ ಮಧ್ಯಾಹ್ನಕ್ಕೇ ಮುಚ್ಚಿತ್ತು. ಕಾಗದವಿಲ್ಲದೆ ಕುದುರೆ ಒಳಗೆ ಬರುವಂತಿಲ್ಲ, ರಾತ್ರಿಯೆಲ್ಲ ರಸ್ತೆಬದಿಯ ಟ್ರೇಲರಿನಲ್ಲಿ ನಿಲ್ಲುವಂತೆಯೂ ಇಲ್ಲ. ಹೊರಗೆ ಮಾರ್ತಾ ಟ್ರೇಲರಿನ ಹಲಗೆಯನ್ನು ಕಾಲಿನಿಂದ ಬಡಿಯುತ್ತಿತ್ತು.

ನನ್ನನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಹೋಗಲಿ ಬಿಡು ಮಾರಾಯ್ತಿ. ವಾಪಸ್ ಹೋಗುವ. ದೇವರಿಗೇ ಇಷ್ಟ ಇಲ್ಲ ಕಾಣ್ತದೆ" ಎಂದರು. ಹಾಗೆನ್ನುವಾಗ ಬೆಳಗಿನಿಂದ ಬಿಗಿದುಕೊಂಡಿದ್ದ ಅವರ ಹೆಗಲು ಸಡಿಲವಾದದ್ದನ್ನು ಕಂಡೆ. ಆಗ ನನಗೆ ನಿಜವಾಗಿ ಭಯವಾಯಿತು. ಮಾರ್ತಾಳನ್ನು ಬಿಟ್ಟುಕೊಡಲು ಅವರಿಗೊಂದು ನೆಪ ಬೇಕಾಗಿತ್ತು. ಅದನ್ನು ನಾನೇ ಕೊಟ್ಟಿದ್ದೆ, ಅದೂ ದೇವರ ಹೆಸರಿನಲ್ಲಿ.

ಲೊರೀನ್‌ಳ ಮೇಜಿನ ಮೇಲೆ ಫ್ಯಾಕ್ಸ್ ಯಂತ್ರವಿತ್ತು. ನಮ್ಮೆಜಮಾನರ ಕಂಪ್ಯೂಟರ್ ಕೆಲಸದ ದೆಸೆಯಿಂದ ನಮ್ಮ ಮನೆಯಲ್ಲೂ ಒಂದಿದೆ. ಅವಳ ಫೋನು ಕೇಳಿ ಮನೆಗೆ ಮಾಡಿದೆ.

"ರೀ, ದೇವರ ಗೂಡಲ್ಲಿ ಚಾಮುಂಡಿ ಫೋಟೋ ಕೆಳಗೆ ಒಂದು ಕಾಗದ ಇದೆ. ಅದನ್ನ ಈ ನಂಬರಿಗೆ ಫ್ಯಾಕ್ಸ್ ಮಾಡಿ."

"ಸರಿ. ಲಾನ್ ಕಟ್ ಮಾಡ್ತಿದ್ದೆ, ಮೈಯೆಲ್ಲ ಹುಲ್ಲು. ಸ್ನಾನ ಮಾಡಿ ತೆಗೀತೀನಿ" ಎಂದರು ನಮ್ಮೆಜಮಾನರು ಸತ್ಯಪ್ರಕಾಶ.

"ಸ್ನಾನಕ್ಕೆ ಟೈಮ್ ಇಲ್ಲ. ಹಾಗೇ ತೆಗೀರಿ."

"ಯಾರು ಮಾತಾಡ್ತಿರೋದು?" ಎಂದು ಕೇಳಿದರು.

"ನಾನೇ ರೀ, ಅನಸೂಯ."

"ಹೋದ ವರ್ಷ ಪವರ್ ಹೋದಾಗ ಸ್ನಾನ ಇಲ್ದೆ ಅಲ್ಲಿಂದ ಬೆಂಕಿಪೊಟ್ಟಣ ತಗೊಂಡೆ ಅಂತ ಗೂಡೆಲ್ಲ ನನ್ ಕೈಲೇ ತೊಳೆಸಿದ್ಯಲ್ಲ, ಆ ಅನಸೂಯಾನಾ?"

"ಅದೆಲ್ಲ ಬಂದ ಮೇಲೆ ಹೇಳಿ. ಈಗ ತೆಗೀರಿ."

"ಕೈಯಾದ್ರೂ ತೊಳ್ಕೊಳ್ಲಾ?"

"ಬೇಗ ತೊಳ್ಕೊಳ್ಳಿ."

ನಾಲ್ಕೂ ಮೂವತ್ತೈದಕ್ಕೆ ಫ್ಯಾಕ್ಸ್ ಬಂತು. ಲೊರೀನ್ ಅದನ್ನು ಕನ್ನಡಕದ ಹತ್ತಿರ ಹಿಡಿದು, ಮೇಲ್ಗಡೆಯ ಈ ಕಪ್ಪು ಮಚ್ಚೆ ಏನು ಎಂದು ಕೇಳಿದಳು. ಫ್ಯಾಕ್ಸಿನಲ್ಲಿ ಕುಂಕುಮ ಕಪ್ಪಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದು ಆಶೀರ್ವಾದ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, "ಆಶೀರ್ವಾದ ಸರಿಯಾಗಿ ತಾರೀಖಿನ ಮೇಲೇ ಬಿದ್ದಿದೆಯಲ್ಲ ತಾಯಿ" ಎಂದಳು.

"ಸಾಕು ಬಾ" ಎಂದರು ಪ್ರೇಮಕ್ಕ. ಟ್ರಕ್ಕಿನ ಕೀಲಿ ಆಗಲೇ ಅವರ ಕೈಯಲ್ಲಿತ್ತು.

ಮತ್ತೆ ಮನೆಗೆ ಫೋನು ಮಾಡಿದೆ. "ರೀ, ಆ ಕುಂಕುಮ ಒರೆಸಿ. ಒಣ ಹತ್ತೀಲಿ. ನೀರು ಹಾಕ್ಬೇಡಿ, ಹರಡುತ್ತೆ."

"ಸ್ನಾನ ಇಲ್ದೆ ಮುಟ್ಟಿದ್ದಾಯ್ತು, ಈಗ ಕುಂಕುಮಾನೂ ಅಳಿಸೋದಾ?" ಸತ್ಯಪ್ರಕಾಶರ ದನಿ ಇಳಿದಿತ್ತು. "ಏನೇ ಇದು, ಪಾಪ ಯಾರಿಗೆ ಬರುತ್ತೆ?"

"ನನಗೇ ಬರಲಿ. ಒರೆಸಿ."

ಕುಂಕುಮ ಹಚ್ಚುವುದನ್ನು ನಾಲ್ಕು ವರ್ಷದವಳಿದ್ದಾಗ ಕಲಿತವಳು ನಾನು. ಒರೆಸಿ ಎಂದು ಹೇಳಿದ್ದು ಅದೇ ಮೊದಲು. ಐದಕ್ಕೆ ಎಂಟು ನಿಮಿಷವಿರುವಾಗ ಎರಡನೆಯ ಫ್ಯಾಕ್ಸ್ ಬಂತು. ಮಚ್ಚೆ ಬೂದಿ ಬಣ್ಣಕ್ಕೆ ತಿರುಗಿ ಅದರ ಹಿಂದೆ ಮಾರ್ಚ್ ತೊಂಬತ್ತಾರು ಎಂದು ಮಸುಕಾಗಿ ಕಾಣುತ್ತಿತ್ತು. ಲೊರೀನ್ ಪಟ್ಟಿಯಲ್ಲಿ ಮಾರ್ತಾಳ ಹೆಸರು ಬರೆದುಕೊಂಡಳು. ಪ್ರೇಮಕ್ಕನ ಹೆಗಲು ಮತ್ತೆ ಬಿಗಿಯಿತು. ನನಗೆ ಅದನ್ನು ಕಂಡು ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡಿ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಚಾಮುಂಡಿಗೆ ಹೇಳಿಕೊಂಡು ಬಂದೆ. ಪ್ರೇಮಕ್ಕ ಮಾರ್ತಾಳಿಗೆ ಜೀನು ಹಾಕಿ ಹತ್ತುವ ಮರದ ಮೆಟ್ಟಿಲಿನ ಪಕ್ಕ ನಿಲ್ಲಿಸಿದ್ದರು. ಜೀನಿನ ಹೊಟ್ಟೆಪಟ್ಟಿ ಬಿಗಿದರು. ಸಡಿಲ ಮಾಡಿ ಮತ್ತೆ ಬಿಗಿದರು. ಹೆಲ್ಮೆಟ್ ತೆಗೆದು ಹಾಕಿದರು. ಮೂರು ಸಲ ಗೊರಸು ನೋಡಿದರು. ಒಂಬತ್ತಾಯಿತು, ಒಂಬತ್ತೂವರೆಯಾಯಿತು.

"ಗಾಳಿ ಜಾಸ್ತಿ ಉಂಟು" ಎಂದರು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ನಾನು ಬುದ್ಧಿ ಹೇಳುವವಳಲ್ಲ ಎಂದೇ ನನ್ನನ್ನು ಕರೆತಂದಿದ್ದರು. ಆದರೂ ಬಾಯಿಗೆ ಬಂದುಬಿಟ್ಟಿತು. "ಪ್ರೇಮಕ್ಕ, ನೀವು ಹತ್ತದೇ ಇದ್ರೆ ನಾನು ಕುಂಕುಮ ಒರೆಸಿದ್ದು ಯಾತಕ್ಕೆ ಅಂತ ದೇವರಿಗೆ ಏನು ಹೇಳ್ಲಿ?"

ಅವರು ನನ್ನನ್ನೇ ನೋಡಿದರು. "ಒಳ್ಳೆ ವಸೂಲಿ ಮಾಡ್ತಿಯಲ್ಲ ನೀನು. ಹಾಗಾದರೆ ಬಾ, ಹಗ್ಗ ಹಿಡಿ."

"ನಾನಾ?"

"ಮತ್ತೆ ದೇವರು ಬಂದು ಹಿಡೀತಾನಾ?"

ಹತ್ತು ಅಡಿಯ ನನ್ನ ನಿಯಮ ಅಲ್ಲಿಗೆ ಮುರಿಯಿತು. ಎರಡು ಕೈಯಲ್ಲೂ ಹಗ್ಗ ಹಿಡಿದು, ಕಣ್ಣು ಮುಚ್ಚಿಕೊಂಡೆ. ಜೀನು ಕಿರುಗುಟ್ಟಿದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಪ್ರೇಮಕ್ಕ ಮೇಲಿದ್ದರು, ಮುಖ ಬೆಳ್ಳಗಾಗಿತ್ತು. ಹತ್ತುವುದನ್ನು ನೋಡಲಿಕ್ಕೆಂದೇ ಬಂದವಳು ನಾನು, ಅದೇ ಗಳಿಗೆ ನನ್ನ ಕಣ್ಣಿಗೆ ತಪ್ಪಿತು.

ನಡೆದೆವು. ಚೂಡಿದಾರ, ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡ ನಾನು ಮುಂದೆ, ನನ್ನ ಕಿವಿಯ ಹತ್ತಿರ ಬಿಸಿ ಉಸಿರು ಬಿಡುತ್ತ ಮಾರ್ತಾ ಹಿಂದೆ. ಎದುರಿಗೆ ಬಂದ ಸವಾರರು ಟೋಪಿ ಮುಟ್ಟಿ ದಾರಿ ಬಿಟ್ಟರು. ನಾನು ದೇವೀಸ್ತೋತ್ರ ಹೇಳಿಕೊಳ್ಳುತ್ತಿದ್ದೆ, ಭಯದಲ್ಲಿ ಒಂದೇ ಸಾಲಿಗೆ ಮತ್ತೆ ಮತ್ತೆ ವಾಪಸ್ ಬರುತ್ತಿದ್ದೆ. ಹೊಳೆ ದಾಟುವ ಜಾಗ ಬಂದಾಗ ಮೇಲಿನಿಂದ ದನಿ ಬಂತು.

"ಹಗ್ಗ ಬಿಡು ಅನಸೂಯ."

"ಬೇಡ ಪ್ರೇಮಕ್ಕ, ನಾನು ಹಿಡ್ಕೊಂಡಿರ್ತೀನಿ."

"ಬಿಡು ಮಾರಾಯ್ತಿ. ನೀನು ಎಳೆಯುವುದಕ್ಕೆ ಅದು ಹೆದರ್ತಾ ಉಂಟು."

ಬಿಟ್ಟೆ. ಮಾರ್ತಾ ನನ್ನನ್ನು ದಾಟಿ ನೀರಿಗಿಳಿದು, ಆಚೆ ದಡ ಹತ್ತಿ, ಮರಗಳ ನಡುವೆ ಮರೆಯಾಯಿತು. ಪ್ರೇಮಕ್ಕ ಹಿಂತಿರುಗಿ ನೋಡಲಿಲ್ಲ.

ಕ್ಯಾಂಪಿಗೆ ದಾರಿ ಹುಡುಕಿಕೊಂಡು ಬರುವಷ್ಟರಲ್ಲಿ ನಾನು ಎರಡು ಸಲ ಲದ್ದಿ ತುಳಿದಿದ್ದೆ. ಹನ್ನೆರಡಕ್ಕೆ ಸರಿಯಾಗಿ ವೆಂಡೆಲ್ ಖಾಲಿ ಟ್ರೇಲರ್ ಎಳೆದುಕೊಂಡು ಬಂದ. ಎತ್ತರದ, ಮೆಲುಮಾತಿನ ಮುದುಕ. ಕುದುರೆ ಎಲ್ಲಿ ಎಂದು ಕೇಳಿದ. ಡಾಕ್ಟರ್ ಕಾಡಿಗೆ ಕರೆದುಕೊಂಡು ಹೋಗಿದ್ದಾರೆ ಎಂದೆ. ಕುದುರೆಗೆ ಹುಷಾರಿಲ್ಲವೇ ಎಂದು ಪಾಪ ಗಾಬರಿಯಾದ. ಅದನ್ನು ಬಿಡಿಸಿ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. ಪುಳಿಯೋಗರೆ ಹಾಕಿ ಕೂರಿಸಿದೆ. ಮೊಮ್ಮಕ್ಕಳ ಬಗ್ಗೆ ಹೇಳಿದ, ಹೋದ ವರ್ಷ ತೀರಿಕೊಂಡ ಹೆಂಡತಿಯ ಬಗ್ಗೆ ಹೇಳಿದ. ಕೇಳಿಸಿಕೊಂಡೆ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಪ್ರೇಮಕ್ಕ ಬರಲಿಲ್ಲ. ಎಲ್ಲೋ ಬಿದ್ದಿದ್ದಾರೆ, ಭುಜಂಗ ಅವರು ಇನ್ನೊಂದು ಎಕ್ಸ್‌ರೇ ನೋಡುತ್ತಾರೆ, ಕಾರಣ ನಾನು, ಎಂದುಕೊಳ್ಳುತ್ತ ಐದೈದು ನಿಮಿಷಕ್ಕೆ ಎದ್ದು ಹೊಳೆಯ ದಾರಿ ನೋಡತೊಡಗಿದೆ.

ಎರಡು ಗಂಟೆಗೆ ಮರಗಳ ಸಂದಿನಿಂದ ಮಾರ್ತಾ ನಿಧಾನವಾಗಿ ನಡೆದು ಬಂತು. ಮೇಲೆ ಪ್ರೇಮಕ್ಕ, ಹೆಲ್ಮೆಟ್ಟಿಗೆ ಒಣಗಿದ ಎಲೆ ಅಂಟಿತ್ತು. ನಮ್ಮ ಮುಂದೆ ಬಂದು ನಿಂತರು. ಇಳಿಯಲಿಲ್ಲ. ವೆಂಡೆಲ್ ಎದ್ದು ನಿಂತು ತಲೆಯೆತ್ತಿ ನೋಡಿದ. ಇವರು ಮೇಲಿನಿಂದಲೇ, ಕ್ಷಮಿಸಿ, ನಿಮಗೆ ಅಷ್ಟು ದೂರದಿಂದ ಬರಿದೇ ಬರುವಂತಾಯಿತು, ಇವಳನ್ನು ನಾನು ಕೊಡುವುದಿಲ್ಲ ಎಂದರು.

ಅವನು ಸ್ವಲ್ಪ ಹೊತ್ತು ಮಾರ್ತಾಳ ಕುತ್ತಿಗೆ ಸವರುತ್ತ ನಿಂತಿದ್ದ. ಆಮೇಲೆ, ನೋಡಿದರೇ ಗೊತ್ತಾಗುತ್ತದೆ ಎಂದ.

ಪ್ರೇಮಕ್ಕ ಕನ್ನಡಕ್ಕೆ ತಿರುಗಿದರು. "ಅನಸೂಯ, ಮೊಣಕಾಲು ಕಚ್ಚಿಕೊಂಡಿದೆ. ಇಳಿಯಲಿಕ್ಕೆ ಆಗುವುದಿಲ್ಲ. ಒಂದು ಗಂಟೆಯಿಂದ ಇದೇ ಅವಸ್ಥೆ."

ಈ ಮಾತಿಗೆ ಅನುವಾದ ಬೇಕಾಗಲಿಲ್ಲ. ವೆಂಡೆಲ್ ಮರದ ಮೆಟ್ಟಿಲು ಎಳೆದು ತಂದು ಪಕ್ಕಕ್ಕಿಟ್ಟು, ಹೆಗಲು ಕೊಟ್ಟು, ನಾನು ಇನ್ನೊಂದು ಕಾಲು ಹಿಡಿದು, ಇಬ್ಬರೂ ಸೇರಿ ಡಾಕ್ಟರನ್ನು ಅಕ್ಕಿಮೂಟೆ ಇಳಿಸುವ ಹಾಗೆ ನೆಲಕ್ಕಿಳಿಸಿದೆವು. ಅವನು ಖಾಲಿ ಟ್ರೇಲರ್ ಎಳೆದುಕೊಂಡು ಹೊರಟಾಗ ಉಳಿದ ಪುಳಿಯೋಗರೆಯನ್ನೆಲ್ಲ ಕಟ್ಟಿಕೊಟ್ಟೆ. ಬೇರೇನು ಕೊಡುವುದೆಂದು ನನಗೆ ತಿಳಿಯಲಿಲ್ಲ.

ಲೊರೀನ್‌ಳ ಆಫೀಸಿನಿಂದ ಪ್ರೇಮಕ್ಕ ಭುಜಂಗ ಅವರಿಗೆ ಫೋನು ಮಾಡಿದರು. "ಹತ್ತಿದೆ. ಮಾರ್ತಾ ಮನೆಗೆ ಬರ್ತಾಳೆ" ಎಂದಷ್ಟೇ ಹೇಳಿ, ಆ ಕಡೆಯ ಮಾತು ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟರು.

"ಅನಸೂಯ, ನೀನು ಸುಳ್ಳು ಹೇಳುವವಳಲ್ಲ. ನಿಜವಾಗಿ ಹತ್ತಿದಳಾ?" ಎಂದು ಕೇಳಿದರು ಭುಜಂಗ.

"ಹತ್ತಿದ್ರು ಡಾಕ್ಟ್ರೇ. ನಾಲ್ಕು ಗಂಟೆ ಕಾಲ ಮೇಲೇ ಇದ್ರು."

"ನಾಲ್ಕು ಗಂಟೆಯಾ?" ಅವರ ದನಿಯಲ್ಲಿ ಆಶ್ಚರ್ಯವೂ ಇತ್ತು, ನನಗೆ ಅನ್ನಿಸಿದ ಮಟ್ಟಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇಳಿದದ್ದು ಹೇಗೆ ಎಂದು ಅವರು ಕೇಳಲಿಲ್ಲ. ಕೇಳದಿದ್ದುದಕ್ಕೆ ಉತ್ತರ ಹೇಳುವ ಅಭ್ಯಾಸ ನನಗೂ ಇಲ್ಲ.